ಕರೆದ ಮೇಲೆ ಕಾಯಬೇಕು

ನನ್ನ ಗಂಡ ಗೇಬ್ರಿಯಲ್ ಅಮೆರಿಕದಲ್ಲಿ ಒಮ್ಮೆ ಟರ್ಕಿ ಕೋಳಿಯ ಬೇಟೆಗೆ ಹೋಗಿದ್ದರು. ಹೋದದ್ದು ಒಂದೇ ಸಲ, ಆದರೆ ಆ ಕತೆಯನ್ನು ಎಷ್ಟು ಸಲ ಹೇಳಿದ್ದಾರೆಂದು ದೇವರಿಗೇ ಗೊತ್ತು. ಗಲ್ಫಿನ ಅಲ್ ವಕ್ರಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದ ಯಾರೂ ಅದನ್ನು ಕೇಳದೆ ಕೈ ತೊಳೆದದ್ದಿಲ್ಲ. ಹಾಡಿದ್ದೇ ಹಾಡುವ ಕಿಸಬಾಯಿದಾಸ ಎಂದು ನಾನು ಅಡುಗೆಮನೆಯಿಂದಲೇ ಗೊಣಗುತ್ತಿದ್ದೆ.

ಕತೆ ಇಷ್ಟೇ. ಹಮದ್ ಬಂದರಿನಲ್ಲಿ ಇವರ ಜೊತೆ ಡಾರೆಲ್ ಎಂಬ ಅಮೆರಿಕದ ಎಂಜಿನಿಯರ್ ಇದ್ದ. ಕ್ರಿಸ್ಮಸ್ಸಿಗೆ ರಜೆ ಸಿಗದಿದ್ದರೂ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಊರಿಗೆ ಹೋಗಲೇಬೇಕು, ಯಾಕೆಂದರೆ ಅದು ಕಾಡು ಟರ್ಕಿಯ ಕಾಲ. ಒಂದು ವರ್ಷ ಕಂಪೆನಿ ಇವರನ್ನೂ ಟ್ರೈನಿಂಗಿಗೆಂದು ಅದೇ ಹೊತ್ತಿಗೆ ಅಮೆರಿಕಕ್ಕೆ ಕಳುಹಿಸಿತು. ಡಾರೆಲ್ ಇವರನ್ನು ತನ್ನ ಕಾಡಿಗೆ ಕರೆದುಕೊಂಡು ಹೋದ. ವಸಂತದಲ್ಲಿ ಗಂಡು ಟರ್ಕಿಗೆ ಹೆಣ್ಣಿನ ಹುಚ್ಚು. ಬೇಟೆಗಾರ ಅದನ್ನು ಅಟ್ಟಿಕೊಂಡು ಹೋಗುವುದಿಲ್ಲ. ಹೆಗಲಿಗಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಅಲುಗಾಡದೆ ಕೂತು, ಹೇಂಟೆಯ ಹಾಗೆ ಕೂಗಿ ಅದನ್ನೇ ತನ್ನ ಬಳಿಗೆ ಬರಿಸಿಕೊಳ್ಳುತ್ತಾನೆ. ಮೈಮೇಲೆ ಕೆಂಪು ಬಟ್ಟೆ ಇರಬಾರದು, ಅದು ಹುಂಜದ ತಲೆಯ ಬಣ್ಣ, ಬೇರೆ ಬೇಟೆಗಾರ ಹುಂಜವೆಂದೇ ಗುಂಡು ಹಾರಿಸಿಯಾನು. ಎಲ್ಲಕ್ಕಿಂತ ಮುಖ್ಯ, ಒಮ್ಮೆ ಕರೆದ ಮೇಲೆ ಬಾಯಿ ಮುಚ್ಚಿ ಕಾಯಬೇಕು. ಅತಿಯಾಗಿ ಕರೆಯುವ ಹೆಣ್ಣು ತಾನೇ ಬಂದಾಳು ಎಂದು ಗಂಡು ನಿಂತಲ್ಲೇ ನಿಂತುಬಿಡುತ್ತದಂತೆ.

ಡಾರೆಲ್ ಈ ಕೂಗು ಹೊರಡಿಸಲು ಉಜ್ಜುವ ಸಣ್ಣ ಸ್ಲೇಟಿನ ಬಿಲ್ಲೆ, ಕಡ್ಡಿ ಎಲ್ಲ ಇಟ್ಟುಕೊಂಡಿದ್ದ. ಚರ್ಚಿನ ಕೋಯರ್‌ನಲ್ಲಿ ಹಾಡುವ ನಮ್ಮವರು ಬರೀ ಗಂಟಲಿನಲ್ಲೇ ಆ ಕೂಗನ್ನು ಕಲಿತರು. ಬೆಳಗಿನ ಜಾವ ಇವರು ಕೂಗಿದ್ದಕ್ಕೆ ದೂರದಿಂದ ಹುಂಜ ಗಳಗಳನೆ ಉತ್ತರ ಕೊಟ್ಟಿತು, ಸ್ವಲ್ಪ ಹತ್ತಿರವೂ ಬಂತು, ಆಮೇಲೆ ನಿಂತಿತು. ಬರಲೇ ಇಲ್ಲ. ಡಾರೆಲ್ ನಕ್ಕನಂತೆ. "ನಿನ್ನ ಕೂಗು ತುಂಬಾ ಚಂದ ಗೇಬ್ರಿಯಲ್, ಚರ್ಚಿನಲ್ಲಿ ಹಾಡುವ ಹುಡುಗಿಯ ಹಾಗೆ. ಹಳೇ ಹುಂಜ ನಂಬುವುದು ಸಂಸಾರ ಮಾಡಿ ಗಂಟಲು ಒಡೆದ ಹೇಂಟೆಯನ್ನು."

ಬರಿಗೈಯಲ್ಲಿ ಬಂದ ಬೇಟೆಗಾರನ ಕತೆ ಅದು. ಆದರೂ ಪ್ರತಿ ಕ್ರಿಸ್ಮಸ್ ಪಾರ್ಟಿಯಲ್ಲಿ ಇವರು ಹೇಂಟೆಯ ಕೂಗು ಹಾಕಲೇಬೇಕು, ನಮ್ಮ ಮಗಳು ಕ್ರಿಸ್ಟೀನಾ ಮೇಜಿನ ಅಡಿಯಿಂದ ಹುಂಜವಾಗಿ ಗಳಗಳ ಎನ್ನಲೇಬೇಕು. ಚಿಕ್ಕವಳಿದ್ದಾಗ ಶುರುವಾದ ಆಟ. ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಬಿಟ್ಟಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಇವರ ಗಂಟಲಿನ ಗಂಟು ತೆಗೆದರು. ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟ್ ಬಂದ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಮೊಣಕಾಲೂರಿ ದೇವರಿಗೆ ವಂದಿಸಿದೆ. ಆದರೆ ಅದು ದನಿಯ ನರಕ್ಕೆ ಅಂಟಿಕೊಂಡಿತ್ತು. ದನಿ ಕೆಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಕೋಯರ್‌ನ ಗಂಟಲಿನಿಂದ ತುಕ್ಕು ಹಿಡಿದ ಗೇಟಿನ ಸದ್ದು ಬರತೊಡಗಿತು. ದಿನಾ ಮಾತಾಡಬೇಕು, ಮಾತಾಡಿದಷ್ಟೂ ಗಟ್ಟಿಯಾಗುತ್ತದೆ, ಬಿಟ್ಟರೆ ಇದ್ದದ್ದೂ ಹೋಗುತ್ತದೆ ಎಂದರು ಡಾಕ್ಟರು.

ಮನೆಗೆ ಬಂದ ಸಂಜೆ ಮಣಿಪಾಲದಲ್ಲಿ ಓದುತ್ತಿದ್ದ ಕ್ರಿಸ್ಟೀನಾ ವಿಡಿಯೋ ಕಾಲ್ ಮಾಡಿದಳು. ಇವರು "ಮಗಳೇ" ಎಂದರು. ಅಷ್ಟೇ. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಇವರು ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅಂದಿನಿಂದ ಬಾಯಿ ಬಿಡಲಿಲ್ಲ.

ಸೋಫಾದಲ್ಲಿ ಕೂತು ಅಡುಗೆಮನೆಯಲ್ಲಿದ್ದ ನನಗೆ ವಾಟ್ಸ್ಯಾಪ್ ಮಾಡುವರು. "ಚಹಾ." "ಸಕ್ಕರೆ ಕಡಿಮೆ." ನಾನು ಬೈದೆ, ಬೇಡಿಕೊಂಡೆ, ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಗೊಣಗದೆ ಉಂಡರು! ಎರಡು ಕೈ ಸೇರಿದರೆ ತಾನೇ ಚಪ್ಪಾಳೆ? ಜಗಳವಿಲ್ಲದ ಮನೆ ಬೇಕು ಎಂದು ನಾನು ವರ್ಷಾನುಗಟ್ಟಲೆ ಮಾಡಿದ ಪ್ರಾರ್ಥನೆ ಆ ಹೊತ್ತಿಗೆ ಫಲಿಸಿದ್ದು ನೋಡಿ ನನಗೆ ಸಿಟ್ಟೇ ಬಂತು. ಬಂದರಿನಲ್ಲಿ ಇವರ ಕೆಲಸ ದಿನವಿಡೀ ವಾಕಿಟಾಕಿಯಲ್ಲಿ ಮಾತಾಡುವುದು. ಈಸ್ಟರ್ ಕಳೆದು ಬನ್ನಿ ಎಂದು ಆಫೀಸಿನವರು ಕಾಯುತ್ತಿದ್ದರು. ಈಸ್ಟರ್ ಹತ್ತಿರ ಬರುತ್ತಿತ್ತು. ಕೆಲಸ ಹೋದರೆ ಹೋಗಲಿ, ಗಂಟಲಿನ ಜೊತೆ ಮನುಷ್ಯನೂ ಮುಚ್ಚಿಹೋಗುತ್ತಾನಲ್ಲ ಎಂಬುದು ನನ್ನ ಹೆದರಿಕೆ.

ಆಗ ಚನಿಯಣ್ಣನ ಫೋನು ಬಂತು. ಚನಿಯಣ್ಣ ಬೆಳ್ತಂಗಡಿ ಕಡೆಯವರು. ಊರಾಚೆಯ ತೋಟಕ್ಕೆ ಇಲ್ಲಿ ಇಜ್ಬಾ ಎನ್ನುತ್ತಾರೆ, ಅಂಥ ಒಂದು ಇಜ್ಬಾದ ಮೇಲ್ವಿಚಾರಣೆ ಅವರದು. ನಮ್ಮ ಕಡೆಯ ತುಳುವರ ರೂಢಿಯಂತೆ ನನ್ನನ್ನು ಬಾಯಮ್ಮ ಎಂದೂ ಇವರನ್ನು ಪೊರ್ಬುಗಳು ಎಂದೂ ಕರೆಯುತ್ತಾರೆ. ಚಳಿಗಾಲವೆಲ್ಲ ಊರಿನಲ್ಲಿದ್ದುದರಿಂದ ಆಪರೇಷನ್ನಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

"ಬಾಯಮ್ಮ, ನಮ್ಮ ಟರ್ಕಿ ಹುಂಜ ಓಡಿಹೋಗಿದೆ ಮಾರಾಯ್ರೆ. ಗಾಳಿಗೆ ಬೇಲಿ ಬಿದ್ದದ್ದು. ಹೇಂಟೆಗಳೆಲ್ಲ ಕಾವಿಗೆ ಕೂತಿದ್ದಾವೆ, ಇವನಿಗೆ ಹೊತ್ತು ಹೋಗ್ಲಿಕ್ಕಿಲ್ಲ. ಆಚೆ ಮರಗಳುಂಟಲ್ಲ, ಅಲ್ಲಿ ಕೂತು ಬೊಬ್ಬೆ ಹಾಕ್ತಾನೆ. ಹತ್ರ ಹೋದ್ರೆ ಮತ್ತೂ ಆಚೆ."

"ಕಾಳು ತೋರಿಸಿ ಕರೀಲಿಲ್ವಾ?"

"ಗೋಧಿ ಹಿಡ್ಕೊಂಡು ಬಾ ಬಾ ಬಾ ಅಂತ ಎಷ್ಟು ಕರೆದೆ! ಊರಿನ ಕೋಳಿ ಆಗಿದ್ರೆ ಕಾಲಡಿಗೆ ಬರ್ತಿತ್ತು. ಮತ್ತೆ ಮೊಬೈಲಲ್ಲಿ ಟರ್ಕಿ ಕೂಗುದನ್ನು ಹಾಕಿದೆ. ಅದು ಗಂಡಿನದ್ದು ಆಗಿಹೋಯ್ತು. ಇನ್ನೊಬ್ಬ ಬಂದ ಅಂತ ಇವ ಮತ್ತೂ ದೂರ ಹೋದ. ಇಲ್ಲಿ ನರಿ ಉಂಟು ಬಾಯಮ್ಮ. ನಮ್ಮ ಧಣಿ, ಅರಬಾಬ್ ಮುದುಕರಿಗೆ ಆ ಹುಂಜ ಅಂದ್ರೆ ಜೀವ, ಕೈಯಲ್ಲೇ ತಿನ್ಸುದು. ಪೊರ್ಬುಗಳು ಪಾರ್ಟಿಯಲ್ಲಿ ಹೇಂಟೆಯ ಹಾಗೆ ಕೂಗ್ತಿದ್ರಲ್ಲ, ಒಮ್ಮೆ ಬರ್ತಾರಾ ಕೇಳಿ."

ಫೋನು ಸ್ಪೀಕರಿನಲ್ಲಿತ್ತು. ಇವರು ನನ್ನತ್ತ ನೋಡಿ ಜೋರಾಗಿ ತಲೆ ಅಲ್ಲಾಡಿಸಿದರು.

"ಬರ್ತಾರೆ," ಎಂದೆ ನಾನು.

ಮರುಕ್ಷಣವೇ ನನ್ನ ಮೊಬೈಲು ಸದ್ದು ಮಾಡಿತು. "ನನ್ನಿಂದ ಆಗುದಿಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಬಾಯಲ್ಲಿ ಹೇಳಿ, ಬಿಟ್ಟುಬಿಡ್ತೇನೆ," ಎಂದೆ. ಹೇಳಲಿಲ್ಲ. "ಮೌನಂ ಸಮ್ಮತಿ ಲಕ್ಷಣಂ," ಎಂದು ಕಾರಿನ ಕೀ ತೆಗೆದು ಬಾಗಿಲ ಬಳಿ ನೇತುಹಾಕಿದೆ.

ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಕಾರು ನಾನೇ ಓಡಿಸಿದೆ. ಇವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ಬಂದರಿನ ರಸ್ತೆ ಬಿಟ್ಟು ಒಳಗೆ ಹೋದರೆ, ಚಳಿಗಾಲದ ಮಳೆನೀರು ನಿಂತು ಇಂಗಿದ ತಗ್ಗು ಜಾಗ. ಅಲ್ಲಿ ಇನ್ನೂ ಹುಲ್ಲು ಹಸಿರಿತ್ತು. ನಮ್ಮ ಎಲಚಿಯಂಥದೇ ಸಿದ್ರ್ ಮರಗಳು ಅಲ್ಲೊಂದು ಇಲ್ಲೊಂದು. ಚನಿಯಣ್ಣ ಅಲ್ ವಕ್ರಾದ ಮೀನುಗಾರರಿಂದ ತಂದ ಬೀಸುಬಲೆಯನ್ನು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು.

ಇವರು ಕಾರಿನಿಂದ ಇಳಿದವರೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಕೆಂಪು ಶಾಲನ್ನು ಎಳೆದು, ಮುದ್ದೆ ಮಾಡಿ ಕಾರಿನೊಳಗೆ ಎಸೆದರು. ಆಮೇಲೆ ತಾವೇ ನಡೆದುಹೋಗಿ, ನಾಲ್ಕು ಮರ ನೋಡಿ, ಬುಡ ಅಗಲವಾದ ಒಂದನ್ನು ಆರಿಸಿದರು. ಬರಲಾರೆ ಎಂದಿದ್ದ ಮನುಷ್ಯ! ನಾನು ಬಾಯಿ ಮುಚ್ಚಿ ಅವರ ಪಕ್ಕದಲ್ಲಿ ಕೂತೆ. ಚನಿಯಣ್ಣ ಮುಂದಿನ ಪೊದೆಯ ಹಿಂದೆ ಬಲೆ ಹಿಡಿದು ಅಡಗಿದರು.

ಮೂಡಣ ಕೆಂಪಾದಾಗ ದೂರದ ಮರದಿಂದ ಹುಂಜ ಗಳಗಳನೆ ಕೂಗಿತು. ನಾನು ಇವರನ್ನು ನೋಡಿದೆ. ಇವರು ಕೂಗಲಿಲ್ಲ. ಹುಂಜ ಮರದಿಂದ ಇಳಿದು ಮತ್ತೆ ಕೂಗಿತು. ಇವರ ಕೈ ಗಂಟಲಿನ ಗಾಯದ ಗೆರೆಯ ಮೇಲೆ ಹೋಯಿತು, ಬಾಯಿ ತೆರೆಯಲಿಲ್ಲ. ನನ್ನ ತಾಳ್ಮೆ ನಿಮಗೆ ಗೊತ್ತಾಗಿರಬಹುದು. ನಾನೇ ಕೂಗಿಬಿಟ್ಟೆ. ಎಷ್ಟು ವರ್ಷದಿಂದ ಕೇಳಿದ ಕೂಗು, ಬಾರದೆ ಹೋದೀತೇ ಎಂದು "ಕ್ಯಾಂವ್ ಕ್ಯಾಂವ್ ಕ್ಯಾಂವ್" ಎಂದು ಒಂದೇ ಸಮನೆ ಕೂಗಿದೆ. ಪೊದೆಯ ಹಿಂದಿನಿಂದ ಚನಿಯಣ್ಣ ತಲೆ ಎತ್ತಿ ನೋಡಿದರು. ಹುಂಜ ಸುಮ್ಮನಾಯಿತು. ಅದರ ಬೆನ್ನು ನಮ್ಮ ಕಡೆ ತಿರುಗಿದ್ದು ಕಾಣಿಸಿತು.

ಇವರು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಅದರಲ್ಲಿ ದುಃಖ ಇರಲಿಲ್ಲ. ಶುದ್ಧ ತಿರಸ್ಕಾರ. ಕೋಯರ್‌ನಲ್ಲಿ ಯಾರಾದರೂ ಶ್ರುತಿ ತಪ್ಪಿದಾಗ ನೋಡುತ್ತಿದ್ದರಲ್ಲ, ಅದೇ ನೋಟ. ನನ್ನ ಮೊಣಕೈ ಹಿಡಿದು ಅದುಮಿ, ಸುಮ್ಮನಿರು ಎಂಬಂತೆ ಬೆರಳೆತ್ತಿ, ಕತ್ತು ಚಾಚಿ ಇವರು ಕೂಗಿದರು.

ಮೊದಲಿನ ಕೂಗಲ್ಲ ಅದು. ಮೊದಲಿನದು ಗಂಟೆಯ ಹಾಗಿತ್ತು. ಇದು ಒಡಕು, ಒರಟು, ನಡುವೆ ಕಡಿದುಹೋಗಿ ಮತ್ತೆ ಹಿಡಿದುಕೊಳ್ಳುವಂಥದು. ಇವರ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಹುಂಜ ಇವರ ಕೂಗು ಮುಗಿಯುವುದಕ್ಕೂ ಬಿಡದೆ ಉತ್ತರ ಕೊಟ್ಟಿತು! ಗರ್ರನೆ ತಿರುಗಿ, ಕತ್ತು ನೀಳ ಮಾಡಿ, ಮತ್ತೊಮ್ಮೆ, ಮಗದೊಮ್ಮೆ ಕೂಗಿತು. ಇವರು ಬೆಚ್ಚಿ ನನ್ನ ಕೈ ಹಿಡಿದರು. ಆಪರೇಷನ್ನಿನ ಹೊಸತರಲ್ಲಿ ಆ ದನಿ ಕೇಳಿದವರೆಲ್ಲ ಒಂದೋ ಕಣ್ಣು ಒರೆಸಿಕೊಂಡಿದ್ದರು, ಇಲ್ಲ ಮಾತು ಬದಲಿಸಿದ್ದರು. ಪಾಪ, ಆ ಹುಂಜಕ್ಕೆ ಕನಿಕರ ಗೊತ್ತಿರಲಿಲ್ಲ. ಅದಕ್ಕೆ ಕೇಳಿಸಿದ್ದು ಸಂಸಾರ ಮಾಡಿದ ಒಂದು ಹೇಂಟೆ, ಅಷ್ಟೇ.

ನಾನು ಇನ್ನೊಮ್ಮೆ ಕೂಗಿ ಎಂದು ತಿವಿದೆ. ಇವರು ತಲೆ ಅಲ್ಲಾಡಿಸಿದರು. ಕಾದರು. ಮನೆಯಲ್ಲಿ ಸೋಫಾದ ಮೇಲೆ ಕೂತಿದ್ದ ಮೌನವೇ ಬೇರೆ, ಇದೇ ಬೇರೆ. ಇದರಲ್ಲಿ ಕಣ್ಣು ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕೈಯಿಂದ ಒಣ ಎಲೆಗಳನ್ನು ಕೆದಕಿದರು, ಹೇಂಟೆ ಕಾಲಿನಿಂದ ಕೆದಕುವ ಹಾಗೆ. ಗಂಟಲಿನಲ್ಲೇ ಮೆಲ್ಲಗೆ ಒಮ್ಮೆ 'ಟೊಕ್' ಎಂದರು. ಹುಂಜ ಬಾಲವನ್ನು ಬೀಸಣಿಗೆಯಂತೆ ಬಿಡಿಸಿ, ರೆಕ್ಕೆಯ ತುದಿಯನ್ನು ಮರಳ ಮೇಲೆ ಎಳೆಯುತ್ತಾ, ನೆಟ್ಟಗೆ ನಮ್ಮ ಕಡೆಗೇ ಬಂತು. ಬಿಸಿಲಿಗೆ ಅದರ ಎದೆಯ ಗರಿ ತಾಮ್ರದಂತೆ ಮಿಂಚಿತು. ಎಲ್ಲಿಯೂ ನಿಲ್ಲಲಿಲ್ಲ. ಚನಿಯಣ್ಣನ ಬಲೆ ಅದರ ಮೇಲೆ ಬಿದ್ದಾಗ ಅದು ಇನ್ನೂ ಹೆಣ್ಣನ್ನು ಹುಡುಕುತ್ತಲೇ ಇತ್ತು.

ಚನಿಯಣ್ಣ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು. "ದೇವರು ಒಳ್ಳೇದು ಮಾಡ್ಲಿ ಪೊರ್ಬುಗಳೇ. ನಿಮ್ಮ ಕೂಗು ಮೊದಲಿನ ಹಾಗೆ ಇಲ್ಲ ಅಲ್ವಾ? ಈಗಿನದ್ದೇ ಒಳ್ಳೇದುಂಟು, ಸರಿಯಾದ ಹೇಂಟೆಯ ಹಾಗೆ."

ಇವರು ಭುಜ ಕುಲುಕಿಸಿ ನಕ್ಕರು. ನಗುವೂ ಗೊಗ್ಗರಾಗಿತ್ತು. ಆದರೂ ಮಾತಾಡಲಿಲ್ಲ. ಚನಿಯಣ್ಣನ ಕೈ ಹಿಡಿದು ಕುಲುಕಿ ಕಾರು ಹತ್ತಿದರು. ನಾನು ಒಳಗೊಳಗೇ ದೇವರನ್ನು, ಡಾರೆಲನನ್ನು, ಆ ಹುಂಜವನ್ನು, ಬೇಲಿ ಕೆಡವಿದ ಗಾಳಿಯನ್ನು ಕೂಡ ನೆನೆಯುತ್ತಾ ಕಾರು ಓಡಿಸಿದೆ. ಹಾಗೆ ನೆನೆಯುತ್ತಾ ರೌಂಡಬೌಟಿಗೆ ನುಗ್ಗಿದೆ.

"ರೋಸೀ! ಇಂಡಿಕೇಟರ್ ಯಾರು ಹಾಕುದು, ನಿನ್ನ ಅಪ್ಪನಾ?"

ಒರಟು, ಒಡಕು ದನಿ. ಮದುವೆಯಾದಂದಿನಿಂದ ಕೇಳಿ ಕೇಳಿ ಸಾಕಾಗಿದ್ದ ಬೈಗುಳ. ಅಷ್ಟು ಸಿಹಿಯಾದ ಮಾತನ್ನು ನಾನು ಜೀವನದಲ್ಲಿ ಕೇಳಿರಲಿಲ್ಲ. ರೌಂಡಬೌಟು ದಾಟಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ, ಕಣ್ಣಿಗೆ ರಸ್ತೆ ಕಾಣಿಸುತ್ತಿರಲಿಲ್ಲ.

"ಅಳುದಾದ್ರೆ ನಾನು ಪುನಃ ಬಾಯಿ ಮುಚ್ತೇನೆ ನೋಡು," ಎಂದರು.

"ಅಳುದಲ್ಲ. ಧೂಳು," ಎಂದೆ.

ಇವರು ತಮ್ಮ ಫೋನು ತೆಗೆದರು. ಕ್ರಿಸ್ಟೀನಾಳ ನಂಬರು ತೆಗೆದು ತುಂಬಾ ಹೊತ್ತು ಅದನ್ನೇ ನೋಡಿ, ಆಮೇಲೆ ಒತ್ತಿದರು. ರಿಂಗಾಯಿತು. "ಮಮ್ಮಾ?" ಎಂದಳು ಅವಳು, ಪಪ್ಪನ ಫೋನಿನಲ್ಲೂ ನಾನೇ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಹಿಂದೆ ಹುಡುಗಿಯರ ಗಲಾಟೆ, ಕ್ಲಾಸಿಗೆ ಹೋಗುವ ಹೊತ್ತು. ಇವರು ಹಲೋ ಎನ್ನಲಿಲ್ಲ, ಮಗಳೇ ಎನ್ನಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದು ಆ ಒಡಕು ಗಂಟಲಿನಿಂದ ಹೇಂಟೆಯ ಕೂಗು ಹಾಕಿದರು. ಒಂದೇ ಸಲ.

ಆ ಕಡೆ ಸದ್ದಿಲ್ಲ. ನಾನು ತಡೆಯಲಾರದೆ, "ಕ್ರಿಸ್ಟೀ, ಇದು ಪಪ್ಪಾ..." ಎಂದು ಶುರು ಮಾಡಿದೆ. ಇವರು ನನ್ನ ಮೊಣಕೈ ಅದುಮಿ ಬೆರಳೆತ್ತಿದರು. ಕರೆದ ಮೇಲೆ ಕಾಯಬೇಕು. ಬಂದರಿನ ಕಡೆಗೆ ಹೋಗುವ ಲಾರಿಗಳು ನಮ್ಮ ಕಾರನ್ನು ಅಲುಗಿಸಿ ಮುಂದೆ ಹೋಗುತ್ತಿದ್ದವು.

ಆಮೇಲೆ ಮಣಿಪಾಲದ ಕಾಲೇಜಿನ ಕಾರಿಡಾರಿನಿಂದ, ಅಷ್ಟೂ ಜನರ ನಡುವೆ, ನಮ್ಮ ಮಗಳು ಜೋರಾಗಿ ಗಳಗಳಗಳ ಎಂದಳು.