ಆ ಹಾಡಿನ ಎತ್ತರ

"ಇಳಿಸಿಬಿಟ್ಟಿದ್ದಾರೆ ಕಣೋ!" ಭಾವ ಸೈರನ್‌ನ ತೋಳು ಹಿಡಿದು ಅಲ್ಲಾಡಿಸಿದ. "ಶ್ರುತಿ ಇಳಿಸಿದ್ದಾರೆ. ಪಾಪ, ಮುದುಕಂಗೆ ಇನ್ನೆಲ್ಲಿ ಏರತ್ತೆ!"

ವೇದಿಕೆಯ ಮೇಲೆ ಗಾಯಕ ಒಂದು ಕೈಯಲ್ಲಿ ಮೈಕಿನ ಕಂಬ ಹಿಡಿದು, ಇನ್ನೊಂದನ್ನು ಸೊಂಟಕ್ಕೆ ಆನಿಸಿ ನಿಂತಿದ್ದ. ಎಪ್ಪತ್ತು ದಾಟಿದ ಮೈ, ಬಿಗಿಯಾದ ಕರಿ ಪ್ಯಾಂಟು. ಎರಡು ಬದಿಯ ದೊಡ್ಡ ಪರದೆಗಳ ಮೇಲೆ ಅವನ ಕೊರಳಿನ ನರಗಳು ಹಗ್ಗದ ಹಾಗೆ ಕಾಣುತ್ತಿದ್ದವು. ಡ್ರಮ್ಮಿನವನು ಹಾಡು ಹಾಡಿನ ನಡುವೆ ಮೊಣಕೈಗೆ ಐಸು ಒತ್ತಿಕೊಳ್ಳುತ್ತಿದ್ದ. ಇನ್ನೂ ಬಿಸಿಲಿತ್ತು. ಸಂಜೆಯೊಳಗೆ ಮುಗಿಸುತ್ತಾರಂತೆ ಎಂದು ಗೇಟಿನಲ್ಲೇ ಯಾರೋ ನಕ್ಕಿದ್ದರು, ಅಜ್ಜಂದಿರಿಗೆ ಬೇಗ ಮಲಗಬೇಕಲ್ಲ.

ಸೈರನ್ ಪರದೆಯನ್ನೇ ನೋಡುತ್ತಿದ್ದ. ಆ ಅಡ್ಡಹೆಸರು ಅವನಿಗೆ ಇಪ್ಪತ್ತರ ವಯಸ್ಸಿನಲ್ಲಿ ಅಂಟಿದ್ದು. ಈಗ ವೇದಿಕೆಯ ಮೇಲೆ ನಡೆಯುತ್ತಿದ್ದ ಇದೇ ಹಾಡಿನ ಕೊನೆಯಲ್ಲಿ ಬರುವ ಉದ್ದನೆಯ ಕೂಗನ್ನು ಅವನು ಎತ್ತಿದರೆ ಮೂರು ಬೀದಿಯಾಚೆ ನಾಯಿಗಳು ಏಳುತ್ತವೆ ಎಂದು ಹುಡುಗರು ಹೇಳುತ್ತಿದ್ದರು. ಈಗ ಅವನ ದನಿ ಒಣಗಿದ ಬಾಗಿಲು ಸರಿಸಿದ ಹಾಗೆ. ಆದರೂ ಹೆಸರು ಬಿಟ್ಟಿಲ್ಲ.

"ಏನಂದ್ರಿ?" ಹೆಂಡತಿ ಅವನ ತುಟಿ ನೋಡಿದಳು. ಗದ್ದಲವಿರುವ ಕಡೆಯೆಲ್ಲ ಅವನ ಮಾತನ್ನು ತುಟಿ ನೋಡಿಯೇ ತಿಳಿದು ಬೇರೆಯವರಿಗೆ ದಾಟಿಸುವುದು ಅವಳಿಗೆ ರೂಢಿ. ಅವನು ತಲೆಯಾಡಿಸಿದ. ಏನೂ ಅಂದಿರಲಿಲ್ಲ.

ಆ ಇಪ್ಪತ್ತರ ದಿನಗಳಲ್ಲಿ ಅವರದ್ದೊಂದು ವಾದ್ಯವೃಂದ ಇತ್ತು, ಹಾಡುತ್ತಿದ್ದವನು ಸೈರನ್. ಈಗ ಭಾವನಾಗಿರುವವನು ಆಗ ಬರೀ ಗೆಳೆಯ. ಗಿಟಾರ್ ನುಡಿಸುತ್ತಿದ್ದ, ಹೊಟ್ಟೆಪಾಡಿಗೆ ರೇಡಿಯೋ, ಫ್ಯಾನು ರಿಪೇರಿ ಮಾಡುತ್ತಿದ್ದ. ಯಾರದೋ ಬಳಿಯಿದ್ದ ಇದೇ ಗಾಯಕನ ರೆಕಾರ್ಡಿನಿಂದ ಇಳಿಸಿಕೊಂಡ ಒಂದು ಕ್ಯಾಸೆಟ್ಟು ಅವರ ಪಾಠಶಾಲೆ. ಅದನ್ನು ಕೇಳಿಸುತ್ತಿದ್ದದ್ದು ಭಾವನ ಅಂಗಡಿಯ ಟೇಪ್ ರೆಕಾರ್ಡರು. ಅದರ ಮೋಟಾರು ಸುಟ್ಟಾಗ ಇನ್ಯಾವುದೋ ಯಂತ್ರದ ಮೋಟಾರು ಕಿತ್ತು ಕೂರಿಸಿದ್ದ. "ಓಡ್ತಿದೆಯಲ್ಲ, ಸಾಕು ಬಿಡು" ಅಂದಿದ್ದ. ಟೇಪಿನಲ್ಲಿ ಕೇಳಿದ ಶ್ರುತಿಗೆ ತಂತಿ ಬಿಗಿದರೆ ಪಟಪಟನೆ ಹರಿಯುತ್ತಿದ್ದವು. ಕಂಪನಿಯವರು ಕಳಪೆ ತಂತಿ ಮಾಡುತ್ತಾರೆ ಎಂದು ಬೈದುಕೊಂಡು ಮತ್ತೆ ಬಿಗಿಯುತ್ತಿದ್ದರು. ಹಾಡುವವನ ಗಂಟಲಿಗೆ ಬೇರೆ ತಂತಿ ಹಾಕುವಂತಿರಲಿಲ್ಲ. ಉಸಿರು ಸಿಕ್ಕಿಕೊಂಡು ಅವನು ನಿಂತಾಗಲೆಲ್ಲ ಭಾವ ಟೇಪನ್ನು ಹಿಂದಕ್ಕೆ ಸುತ್ತಿ, ಅದರತ್ತ ಬೆರಳು ಮಾಡುತ್ತಿದ್ದ. "ಅವನಿಗಾಗತ್ತೆ. ನಿಂಗ್ಯಾಕಾಗಲ್ಲ?"

ಆಯಿತು. ವರ್ಷಗಟ್ಟಲೆ ಆಯಿತು. ಪಾರ್ಟಿಗಳಲ್ಲಿ, ಕ್ಲಬ್ಬುಗಳಲ್ಲಿ, ಕಾಲೇಜಿನ ಅಂಗಳಗಳಲ್ಲಿ. ಒಂದು ದಿನ ಬೆಳಿಗ್ಗೆ ಎದ್ದು ಕಾಫಿ ಕೇಳಿದರೆ ಗಾಳಿ ಮಾತ್ರ ಬಂತು. ಗಂಟಲಿನ ಗಂಟುಗಳನ್ನು ತೆಗೆದ ಡಾಕ್ಟರು, "ಇಷ್ಟು ವರ್ಷ ಯಾರನ್ನಪ್ಪಾ ಬೈತಾ ಇದ್ದೆ?" ಎಂದು ಕೇಳಿದ್ದರು. ಆಮೇಲೆ ಅವನು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಹಿಡಿದ. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ದನಿ ಹೋದದ್ದಕ್ಕೆ ಅವನು ಅತ್ತದ್ದನ್ನು ಯಾರೂ ನೋಡಿಲ್ಲ. ತಾನು ಮುಟ್ಟಿದ ಎತ್ತರಕ್ಕೆ ಇಷ್ಟು ಬೆಲೆ ತೆತ್ತರೂ ನಡೆಯುತ್ತದೆ ಅಂದುಕೊಂಡಿದ್ದ. ಆ ಎತ್ತರ ಮುಟ್ಟಿದವರು ಪ್ರಪಂಚದಲ್ಲಿ ಇಬ್ಬರೇ.

ವೇದಿಕೆಯ ಮೇಲಿನವನು ಮೈಕನ್ನು ಜನರ ಕಡೆ ತಿರುಗಿಸಿದ. ಮೈದಾನ ಪೂರ್ತಿ ಪಲ್ಲವಿ ಎತ್ತಿಕೊಂಡಿತು. ಹೆಂಡತಿಯೂ ಹಾಡುತ್ತಿದ್ದಳು, ಎಂದಿನಂತೆ ಶ್ರುತಿಗೂ ತನಗೂ ಸಂಬಂಧವಿಲ್ಲದ ಹಾಗೆ. ಸೈರನ್ ಬಾಯಿ ತೆರೆದ. ದನಿ ಬಂತು. ಒರಟಾಗಿತ್ತು, ಅಂಚು ಹರಿದಿತ್ತು, ಆದರೆ ಸ್ವರ ಕೂತಿತು. ಕೊನೆಯ ಕೂಗಿಗೂ ಅವನು ಎಲ್ಲರ ಜೊತೆ ಏರಿದ. ಗಂಟಲು ಎಲ್ಲೂ ಹಿಡಿಯಲಿಲ್ಲ.

ಹೆಂಡತಿ ಹಾಡುವುದು ನಿಲ್ಲಿಸಿ ಅವನನ್ನೇ ನೋಡಿದಳು. ಅವನು ನಾಚಿಕೊಂಡು ಬೇರೆ ಕಡೆ ತಿರುಗಿದ. ನಾನು ಬಿದ್ದ ಕಡೆಗೆ ಆ ಗಾಯಕನೂ ಇಳಿದು ಬಂದಿದ್ದಾನೆ ಅಂದುಕೊಂಡ. ಎದೆ ಹಗುರಾಯಿತು. ಮುಂದಿನ ಹಾಡುಗಳಲ್ಲಿ ಅವನಿಗೆ ಆ ಮುದುಕನ ಮೇಲೆ ಒಡಹುಟ್ಟಿದವನ ಮೇಲಿನಂಥ ಪ್ರೀತಿ ಬಂತು.

ಹೊರಗೆ ಹೋಗುವ ದಾರಿಯಲ್ಲಿ ಸಾಲು ಮಳಿಗೆಗಳು. ಅಂಗಿ, ಟೋಪಿ, ಚೀಟಿಯಂಟಿಸಿದ ಗಾಜಿನ ಲೋಟ. ಕೊನೆಯದರಲ್ಲಿ ಹಳೇ ರೆಕಾರ್ಡುಗಳು. ಮಾರುವ ಹೆಂಗಸು ಒಂದನ್ನು ರೆಕಾರ್ಡ್ ಪ್ಲೇಯರಿನ ತಟ್ಟೆಯ ಮೇಲೆ ಹಾಕಿ ತಿರುಗಿಸುತ್ತಿದ್ದಳು. ಅದೇ ಹಾಡು. ರೆಕಾರ್ಡಿನ ರಟ್ಟಿನ ಹೊದಿಕೆಯ ಮೇಲೆ ಐವರು ಹುಡುಗರು ಗೋಡೆಗೆ ಒರಗಿ ನಿಂತಿದ್ದರು, ಯಾರಿಗೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಸೈರನ್ ಸುಮ್ಮನೆ ಗುನುಗಿಕೊಂಡ. ಇನ್ನೂ ಮೈದಾನದ ಶ್ರುತಿಯೇ ಬಾಯಲ್ಲಿತ್ತು. ರೆಕಾರ್ಡಿನೊಳಗಿನ ಹುಡುಗ ಕೂಗು ಎತ್ತಿದ, ಇವನ ಗುನುಗು ಅದೇ ಶ್ರುತಿಯಲ್ಲಿ ಅದರೊಳಗೆ ಹೋಗಿ ಸೇರಿಕೊಂಡಿತು. ಅವನು ಗುನುಗುವುದು ನಿಲ್ಲಿಸಿದ.

"ಅಮ್ಮಾ, ಇದು ನಿಧಾನ ಓಡ್ತಿದೆ, ಅದಕ್ಕೇ ಶ್ರುತಿ ಇಳಿದಿದೆ," ಅಂದ ಭಾವ.

"ಇಲ್ಲ ಸಾರ್. ಚುಕ್ಕಿ ನೋಡಿ ಬೇಕಾದ್ರೆ."

ತಟ್ಟೆಯ ಅಂಚಿನಲ್ಲಿ ಸಾಲು ಚುಕ್ಕಿಗಳಿದ್ದವು. ವೇಗ ಸರಿಯಿದ್ದರೆ ಪಕ್ಕದ ಪುಟ್ಟ ದೀಪದ ಬೆಳಕಿಗೆ ಅವು ನಿಂತಂತೆ ಕಾಣುತ್ತವೆ, ತಪ್ಪಿದ್ದರೆ ಹರಿದಾಡುತ್ತವೆ. ಇದು ಭಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಡಿ ಹಿಡಿದುಕೊಂಡು ಬಗ್ಗಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಚುಕ್ಕಿಗಳು ಕದಲಲಿಲ್ಲ.

"ಅಂದ್ರೆ," ಹೆಂಡತಿ ನಿಧಾನವಾಗಿ ಕೇಳಿದಳು, "ನಿನ್ನ ಟೇಪೇ ಜೋರಾಗಿ ಓಡ್ತಿತ್ತಾ ಅಣ್ಣಾ? ಆಗಿಂದಾನೂ?"

ಭಾವ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. ಕಿವಿ ಕೆಂಪಾಗಿತ್ತು.

"ನೋಡಿದ್ಯಾ ಮತ್ತೆ!" ಅಂದ ಜೋರಾಗಿ, ಮಾರುವವಳಿಗೂ ಕೇಳುವ ಹಾಗೆ. "ಇವನು ಅವನನ್ನೇ ಮೀರಿಸಿದ್ದ ಕಣಮ್ಮಾ! ಅವನಪ್ಪನಾಣೆಗೂ ಅವನು ಅಷ್ಟು ಎತ್ತರ ಹಾಡಿಲ್ಲ!"

ಸೈರನ್ ಹೊದಿಕೆಯನ್ನು ಎತ್ತಿಕೊಂಡು, ಗಾಜಿನಲ್ಲಿ ಗೀರು ಹುಡುಕುವವನ ಹಾಗೆ ಬೆಳಕಿಗೆ ಓರೆ ಹಿಡಿದು ನೋಡುತ್ತಿದ್ದ. ಗಾಯಕ ಹುಡುಗನ ಮುಖ ಹಾಯಾಗಿತ್ತು. ಕಷ್ಟಪಟ್ಟವನ ಮುಖವಲ್ಲ.

"ಅಷ್ಟೆತ್ತರ ಅವನು ಒಂದ್ಸಲಾನೂ ಹಾಡಿಲ್ಲ," ಅಂದ ಸೈರನ್. ಹೆಂಡತಿ ಅದನ್ನು ಅಣ್ಣನಿಗೆ ದಾಟಿಸಬೇಕಾಗಿರಲಿಲ್ಲ.

ರೆಕಾರ್ಡಿನ ಆ ಮಗ್ಗುಲು ಮುಗಿಯಿತು. ಮಾರುವವಳು ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟಳು. ಹಿಂದಿನಿಂದ ಬರುವವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಅದೇ ಪಲ್ಲವಿ, ಯಾರಿಗೂ ಏನೂ ತ್ರಾಸವಿಲ್ಲದ ಹಾಗೆ.

"ಇಲ್ಕೇಳು," ಭಾವ ಹತ್ತಿರ ಬಂದ. ಜೋರು ದನಿ ಹೋಗಿತ್ತು. "ಭಾನುವಾರ ಅಂಗಡಿಗೆ ಬಾ. ಬಾಗಿಲು ಹಾಕ್ಕೊಂಡು ಕೂರೋಣ, ನಾವಿಬ್ಬರೇ. ಗಿಟಾರ್ ಇಳಿಸ್ತೀನಿ, ಸರಿಯಾದ ಶ್ರುತಿಗೆ. ಒಳಗೆ ಹಾಡಿದೆಯಲ್ಲ, ನಾನೂ ಕೇಳಿದೆ. ಆಗತ್ತೆ ನಿಂಗೆ. ಈಗ್ಲೂ ಆಗತ್ತೆ ಕಣೋ."

ಹೆಂಡತಿ ಗಂಡನ ತುಟಿಯನ್ನು ನೋಡಿದಳು.

ಸೈರನ್ ಹೊದಿಕೆಯನ್ನು ರಾಶಿಯ ಮೇಲಿಟ್ಟು ಅಂಚು ಸರಿಮಾಡಿದ.

"ಬರಲ್ಲ," ಅಂದ. "ನಾನು ಹಾಡಲ್ಲ."