ಅತ್ತೆ ತೊಳೆಯದ ಕಲ್ಲು

ಕಾಲುವೆ ದಂಡೆಯ ಆ ಲಾಂಡ್ರಿಯಲ್ಲಿ ಕೊಳೆಗೆ ಒಂದು ದಿನದ ಆಯುಸ್ಸೂ ಇರಲಿಲ್ಲ. ಮಾವ ಬಾಯ್ಲರ್ ನೋಡಿಕೊಳ್ಳುತ್ತಿದ್ದರು, ಮಗ ಆಸ್ಪತ್ರೆ, ಹೋಟೆಲುಗಳಿಂದ ಬಟ್ಟೆ ಹೊತ್ತು ತರುತ್ತಿದ್ದ, ಸೊಸೆ ಇಸ್ತ್ರಿ ಹಾಕುತ್ತಿದ್ದಳು. ಅತ್ತೆಯದು ಕಲೆ ತೆಗೆಯುವ ಕೆಲಸ. ಶಾಯಿಯಾಗಲಿ, ತುಕ್ಕಾಗಲಿ, ಅವರ ಕೈಗೆ ಸಿಕ್ಕರೆ ಅಲ್ಲಿಗೆ ಮುಗಿಯಿತು. ಎದುರು ನಿಂತವರ ಅಂಗಿಯ ಮೇಲೆ ಕಲೆ ಕಂಡರೆ ಅವರಾಡುವ ಮಾತು ಅತ್ತೆಯ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಸೊಸೆ ಕಡಿಮೆ ಮಾತಿನವಳು. ಮಾವನ ಎದುರು ‘ಹೂಂ’, ‘ಊಹೂಂ’ ಬಿಟ್ಟು ಮೂರನೆಯ ಪದ ಬಳಸಿದ್ದು ಅಪರೂಪ. ಅಂಥವಳು ಒಂದು ಬೆಳಿಗ್ಗೆ ಹಿತ್ತಿಲಿನಿಂದ ಓಡಿ ಬಂದು, ತಿಂಡಿಗೆ ಕೂತವರ ಮುಂದೆ ಏದುಸಿರು ಬಿಡುತ್ತಾ ಹೇಳಿಬಿಟ್ಟಳು:

“ಒಗೆಯೋ ಕಲ್ಲಿನ ಮೇಲೆ ನೀರುನಾಯಿ ಇತ್ತು! ಮರಿಗಳೂ ಇದ್ವು!”

“ಬೆಕ್ಕಿರಬೇಕಮ್ಮಾ,” ಎಂದರು ಮಾವ.

“ಬೆಕ್ಕು ನೀರಿಗೆ ಹಾರತ್ತಾ?”

“ಸ್ನಾನ ಮಾಡೋ ಬೆಕ್ಕು,” ಎಂದು ಗಂಡ ನಕ್ಕ. “ನಮ್ಮನೆ ಹತ್ರ ಬೆಳೆದಿದ್ದಲ್ವಾ!”

ಜ್ವರ ಬಂದು ಒಳಗೆ ಮಲಗಿದ್ದ ಅತ್ತೆ ಕಂಬಳಿಯೊಳಗಿಂದಲೇ ತೀರ್ಪು ಕೊಟ್ಟರು: “ಬೆಕ್ಕೇ!”

ಬೇರೆ ದಿನವಾಗಿದ್ದರೆ ಸೊಸೆ ಸುಮ್ಮನಾಗುತ್ತಿದ್ದಳು. ಆದರೆ ಆ ಕಲ್ಲಿಗೆ ಗಂಡಾಂತರ ಕಾದಿತ್ತು. ಯಂತ್ರಗಳು ಬರುವ ಮುಂಚೆ ಮನೆಯವರೆಲ್ಲ ಬಟ್ಟೆ ಒಗೆಯುತ್ತಿದ್ದ, ನೀರಿನತ್ತ ಇಳಿಜಾರಾದ ಹಾಸುಗಲ್ಲು ಅದು. ತಿಂಗಳ ಕೊನೆಗೆ ಮೇಸ್ತ್ರಿ ಬಂದು ಅದನ್ನು ಒಡೆದು, ಅಲ್ಲಿ ಹೊಸ ಬಾಯ್ಲರ್ ರೂಮು ಕಟ್ಟುವುದೆಂದು ನಿಶ್ಚಯವಾಗಿತ್ತು.

“ಕಲ್ಲು ಒಡೀಬೇಡಿ ಮಾವಾ. ಕಾಲುವೆಗೆ ಎಲ್ಲಾ ಕಡೆ ನೆಟ್ಟಗೆ ಗೋಡೆ ಇದೆ. ಅವು ಹತ್ತೋಕೆ ಇದೊಂದೇ ಜಾಗ.”

ಅಷ್ಟುದ್ದದ ಮಾತು ಕೇಳಿ ಮಾವನಿಗೇ ಗಾಬರಿಯಾಯಿತು. “ಸರಿ, ಮೇಸ್ತ್ರಿ ಬರೋದ್ರೊಳಗೆ ನಂಗೂ ತೋರಿಸು. ತೋರಿಸಿದ್ರೆ ರೂಮು ಆಚೆ ಕಡೆ ಕಟ್ಟಿಸ್ತೀನಿ. ಇಲ್ಲಾಂದ್ರೆ ಬೆಕ್ಕು ಅಂತ ಒಪ್ಕೋಬೇಕು.”

ತೋರಿಸುವುದು ಹೇಗೆ? ಲಾಂಡ್ರಿಗೆ ಒಬ್ಬ ಮೇಡಂ ಬಟ್ಟೆ ಕೊಡುತ್ತಿದ್ದರು. ಅವರ ಪ್ಯಾಂಟುಗಳ ತುಂಬ ಕೆಸರು, ಮುಳ್ಳು, ಹುಲ್ಲಿನ ಬೀಜ. ಪ್ರಾಣಿಗಳು ಓಡಾಡುವ ಕಡೆ ಕ್ಯಾಮೆರಾ ಕಟ್ಟಿ ಬರುವುದು ಅವರ ಉದ್ಯೋಗ. ಕ್ಯಾಮೆರಾ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರು ಬಂದ ದಿನ ಸೊಸೆ ಕೌಂಟರಿನಲ್ಲಿ ಒಂದೇ ಅಂಗಿಯನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ನಿಂತಳು.

“ಏನು ಕೇಳ್ಬೇಕೋ ಕೇಳ್ಬಿಡೇ,” ಎಂದ ಗಂಡ. “ಆ ಅಂಗಿ ಪಾಪ, ಸವೆದು ಹೋಗ್ತಿದೆ.”

ಮೇಡಂ ಮಾರನೆಯ ದಿನವೇ ಬುತ್ತಿ ಡಬ್ಬಿಯಷ್ಟು ದೊಡ್ಡ ಹಸಿರು ಪೆಟ್ಟಿಗೆಯೊಂದನ್ನು ತಂದು, ಕಲ್ಲಿನ ಪಕ್ಕದ ಕಂಬಕ್ಕೆ ಪಟ್ಟಿಯಿಂದ ಬಿಗಿದರು. ಮುಂದೆ ಬೆಚ್ಚಗಿರುವುದೇನಾದರೂ ಅಲುಗಾಡಿದರೆ ಅದು ತಾನೇ ಎಚ್ಚರವಾಗಿ ಚಿತ್ರವನ್ನೂ ವಿಡಿಯೊವನ್ನೂ ಹಿಡಿಯುತ್ತದೆ; ಕತ್ತಲಲ್ಲೂ ನಮ್ಮ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ.

“ಈಗ ಯಾರಾದ್ರೂ ನೀರುನಾಯಿ ಆಗ್ಬೇಕು,” ಎಂದರು ಮೇಡಂ. “ನಾಲ್ಕು ಕಾಲಲ್ಲಿ ಇದರ ಮುಂದೆ ಹೋಗಿ. ಎತ್ತರ ಸರಿಯಿದ್ಯಾ ನೋಡ್ಬೇಕು.”

ಸೊಸೆ ನಾಚಿ ಸೆರಗು ಹಿಂಡಿದಳು. ಅವಳ ಗಂಡ ನಿಟ್ಟುಸಿರು ಬಿಟ್ಟು ಮಂಡಿಯೂರಿದ.

“ಇನ್ನೂ ತಗ್ಗಿ. ನೀರುನಾಯಿ ಅಷ್ಟು ದಪ್ಪ ಇರಲ್ಲ.”

ಅವನು ಹೊಟ್ಟೆ ಒಳಗೆಳೆದುಕೊಂಡು ತೆವಳಿದ. ಪೆಟ್ಟಿಗೆಯಲ್ಲಿ ಕೆಂಪು ಚುಕ್ಕಿ ಮಿನುಗಿತು.

“ಈ ಮನೇಲಿ ಇವನು ನೆಟ್ಟಗೆ ಮಾಡಿದ ಮೊದಲ್ನೇ ಕೆಲಸ ಇದು,” ಎಂದರು ಮಾವ.

ಆಗ ತಾನೇ ಜ್ವರ ಬಿಟ್ಟೆದ್ದಿದ್ದ ಅತ್ತೆ ಕಿಟಕಿಯಿಂದ ಕೂಗಿದರು: “ಮಂಡಿ! ಇಸ್ತ್ರಿ ಪ್ಯಾಂಟಿನ ಮಂಡಿ ನೋಡ್ರೋ!”

ಮೊದಲ ಸಲ ಕಾರ್ಡು ತೆಗೆದು ಮೇಡಂ ಕಂಪ್ಯೂಟರಿಗೆ ಹಾಕಿದಾಗ ಸಿಕ್ಕಿದ್ದು ಬರೀ ಹಾಸಿಗೆ ಹೊದಿಕೆಗಳು. ಯಂತ್ರದಿಂದ ಬಿಸಿಬಿಸಿಯಾಗಿ ತಂದು ಹಿತ್ತಿಲಲ್ಲಿ ಒಣಹಾಕಿದ ಹೊದಿಕೆ ಗಾಳಿಗೆ ಅಲುಗಾಡಿದಾಗಲೆಲ್ಲ ಕ್ಯಾಮೆರಾ ಅದನ್ನು ಪ್ರಾಣಿಯೆಂದು ನಂಬಿ, ನಂಬಿ, ಬ್ಯಾಟರಿ ಖಾಲಿ ಮಾಡಿಕೊಂಡಿತ್ತು. ಹಗ್ಗವನ್ನು ಆಚೆ ಕಟ್ಟಿದರು. ಎರಡನೆಯ ಸಲ ನಿಜವಾಗಿಯೂ ಒಂದು ಬೆಕ್ಕು ಬಂತು! ಮಾವ ಅದನ್ನು ಬಂದ ಗಿರಾಕಿಗಳಿಗೆಲ್ಲ ಕರೆದು ಕರೆದು ತೋರಿಸಿದರು.

ಸೊಸೆಯ ಮುಖ ಸಪ್ಪಗಾಯಿತು. ಮೇಸ್ತ್ರಿ ಬರುವ ದಿನ ಹತ್ತಿರವಾಗುತ್ತಿತ್ತು. ಉಳಿದ ಚಿತ್ರಗಳನ್ನು ಸರಿಸುತ್ತಿದ್ದ ಮೇಡಂ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಬೆಳಗಿನ ಮಸುಕು ಬೆಳಕಿನಲ್ಲಿ ಯಾರೋ ಸೊಂಟ ಬಗ್ಗಿಸಿ ಕಲ್ಲು ಉಜ್ಜುತ್ತಿದ್ದರು. ಮರುದಿನವೂ. ಅದರ ಮರುದಿನವೂ.

“ಇದ್ಯಾರು?”

“ಅತ್ತೆ. ದಿನಾ ತೊಳೀತಾರೆ. ಈಗ ಅಲ್ಲಿ ಯಾರೂ ಒಗೆಯಲ್ಲ, ಆದ್ರೂ ಅವರಿಗೆ ರೂಢಿ.”

“ಸೋಪು ಹಾಕಿ?”

“ಬ್ಲೀಚಿಂಗ್ ಪೌಡರೂ ಹಾಕಿ.”

ಮೇಡಂ ತಲೆಯ ಮೇಲೆ ಕೈಹೊತ್ತು ನಗತೊಡಗಿದರು. ನೀರುನಾಯಿಗಳು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವಂತೆ. ಅದರ ವಾಸನೆಯೇ ಅವುಗಳ ಮನೆ ಬಾಗಿಲಿನ ಫಲಕ. “ಬೆಳಗಾದ್ರೆ ಫಲಕಾನೇ ಒರೆಸಿ ಹಾಕಿದ್ರೆ ಯಾರು ತಾನೇ ಬರ್ತಾರೆ?”

ಸೊಸೆಗೆ ಥಟ್ಟನೆ ಹೊಳೆಯಿತು. ಅವಳು ಮರಿಗಳನ್ನು ಕಂಡಾಗ ಅತ್ತೆ ಜ್ವರದಲ್ಲಿ ಮಲಗಿದ್ದರು! ಆದರೆ ಅದನ್ನು ಅತ್ತೆಗೆ ಹೇಳುವವರು ಯಾರು? ಗಂಡನತ್ತ ನೋಡಿದಳು, ಅವನು ಬಟ್ಟೆ ಗಂಟು ಹೊತ್ತು ಜಾಗ ಖಾಲಿ ಮಾಡಿದ. ಅವಳೇ ಒಳಗೆ ಹೋಗಿ, ನೆಲ ನೋಡುತ್ತಾ, ಎಲ್ಲವನ್ನೂ ಹೇಳಿದಳು.

ಅತ್ತೆ ಬ್ರಷ್ ಕೆಳಗಿಟ್ಟರು. “ಅಂದ್ರೆ, ನಾನು ಜ್ವರ ಬಿಟ್ಟು ಎದ್ದ ದಿನ ಉಜ್ಜಿದ್ದು… ಮೀನಿನ ಹುರುಪೆ, ಮುಳ್ಳು, ಗಬ್ಬು ವಾಸನೆ… ಅದು ಇದೇನಾ? ನಿಮ್ಮಾವ ಮೀನು ತಿಂದು ಅಲ್ಲಿ ಎಸೆದಿದಾರೆ ಅಂತ ಎರಡು ದಿನ ಮಾತಾಡಿಸಿಲ್ಲ ನಾನು!”

“ಅದಕ್ಕಾ ನೀನು ಮುಖ ಊದಿಸ್ಕೊಂಡಿದ್ದು?” ಎಂದು ಆಚೆಯಿಂದ ಮಾವನ ದನಿ ಬಂತು.

“ಇನ್ನು ತೊಳೀಬೇಡಿ ಅತ್ತೆ.”

“ನಂಗೇ ತೊಳೀಬೇಡ ಅಂತೀಯಾ?” ಅತ್ತೆ ಬಹಳ ಹೊತ್ತು ಅವಳನ್ನೇ ನೋಡಿದರು. ಸೊಸೆ ಕಣ್ಣು ಎತ್ತಲಿಲ್ಲ, ಆದರೆ ಜಾಗ ಬಿಟ್ಟು ಕದಲಲೂ ಇಲ್ಲ. “ಆಯ್ತು. ಮೇಸ್ತ್ರಿ ಬರೋವರೆಗೆ. ಆಮೇಲೆ ನನ್ನ ತಡೀಬೇಡ.”

ಅಲ್ಲಿಂದ ಶುರುವಾಯಿತು ಮನೆಯವರ ಪಾಡು. ಕಲ್ಲು ಉಜ್ಜದ ಕೈಗೆ ನವೆ ಹತ್ತಿದಂತಾಗಿ ಅತ್ತೆ ಗೇಟು ತೊಳೆದರು, ತಕ್ಕಡಿ ತೊಳೆದರು, ಮಾವನ ಹೊಚ್ಚಹೊಸ ಚಪ್ಪಲಿ ತೊಳೆದರು. ಅಂಚೆಯವನು ಸೈಕಲ್ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಅದೂ ಫಳಫಳ. ಬೆಳಗಾದರೆ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಕಲ್ಲಿನ ಹತ್ತಿರ ಹೋಗಿ, ಇಣುಕಿ, ಜೋಲು ಮುಖ ಹಾಕಿಕೊಂಡು ಬರುತ್ತಿದ್ದರು.

“ಏನಿಲ್ಲ ಕಣೇ. ಇವತ್ತೂ ಶುಭ್ರವಾಗಿದೆ.”

ಕೊಳೆ ಇಲ್ಲವೆಂದು ಅತ್ತೆ ಕೊರಗಿದ್ದನ್ನು ಆ ಮನೆಯವರು ಅದೇ ಮೊದಲು ಕಂಡದ್ದು.

ನಾಳೆ ಮೇಸ್ತ್ರಿ ಬರುತ್ತಾನೆನ್ನುವಾಗ, ಇನ್ನೂ ಕಾಫಿ ಕಾಯಿಸುವ ಮೊದಲೇ, ಹಿತ್ತಿಲಿನಿಂದ ಕೂಗು ಎದ್ದಿತು: “ಗಲೀಜು! ಬನ್ರೋ, ಬನ್ನಿ! ಗಲೀಜಾಗಿದೆ!”

ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಕಲ್ಲಿನ ಮೇಲೆ ಹುರುಪೆ ಹೊಳೆಯುವ ಕಪ್ಪು ಗುಪ್ಪೆಯೊಂದು. ಅದರ ಪಕ್ಕ ಅತ್ತೆ ಮೂಗು ಮುಚ್ಚಿಕೊಂಡು, ಪದಕ ಗೆದ್ದವರಂತೆ ನಿಂತಿದ್ದರು.

ಮೇಡಂಗೆ ಫೋನು ಹೋಯಿತು. ಅವರು ಬಂದಾಗ ಕೌಂಟರಿನ ಸುತ್ತ ಜನವೋ ಜನ. ಪರದೆಯ ಮೇಲೆ ಮೊದಲು ಕತ್ತಲೆ ನೀರು, ಅಷ್ಟೇ. ಆಮೇಲೆ ಎರಡು ಕಣ್ಣು ಮಿಂಚಿದವು. ಉದ್ದನೆಯ ನುಣುಪು ಮೈಯೊಂದು ಸರ್ರನೆ ಕಲ್ಲು ಹತ್ತಿ ನೀರು ಕೊಡವಿತು. ಹಿಂದೆ ಮೂರು ಮರಿಗಳು. ಕೊನೆಯದು ಹತ್ತಿತು, ಜಾರಿತು, ಹತ್ತಿತು, ಜಾರಿತು.

“ಹತ್ತೋ ಕಂದಾ!” ಎಂದು ಅತ್ತೆ ಮೇಜು ಗುದ್ದಿದರು. “ಅಯ್ಯೋ, ಅಮ್ಮ ಅನ್ನಿಸ್ಕೊಂಡೋಳು ಹಿಂದೆ ತಿರುಗಿ ನೋಡ್ಬಾರ್ದಾ!”

ತಾಯಿ ಹಿಂದೆ ತಿರುಗಿತು, ಮರಿಯ ಕತ್ತು ಕಚ್ಚಿ ಎಳೆದುಕೊಂಡಿತು. ಆಮೇಲೆ ಬಾಲ ಎತ್ತಿ, ಎಲ್ಲರೆದುರು ಫಲಕ ಬರೆಯಿತು. ಲಾಂಡ್ರಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಮಾವ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು, ಮತ್ತೊಂದು ಸಲ ನೋಡಿದರು. “ಇದು ಬೆಕ್ಕಲ್ಲ,” ಎಂದರು.

ಮರುದಿನ ಮೇಸ್ತ್ರಿ ಸುಣ್ಣದ ಪುಡಿ ಹಿಡಿದು ಬಂದು, ಕಲ್ಲಿನಿಂದ ಆಚೆಗೆ ಹೋಗಿ ನಿಂತ. “ಇಲ್ಲಿಂದ ಗೆರೆ ಎಳೀಲಾ ಯಜಮಾನ್ರೇ?”

“ನನ್ನ ಕೇಳ್ಬೇಡ. ನಮ್ಮ ಸೊಸೇನ ಕೇಳು.”

ಎಲ್ಲರೂ ಅವಳತ್ತ ತಿರುಗಿದರು. ಸೊಸೆಯ ಕಿವಿ ಕೆಂಪಾಯಿತು. ಅವಳು ಕಲ್ಲನ್ನು ನೋಡಿದಳು, ನೀರನ್ನು ನೋಡಿದಳು, ಬಾಯ್ಲರಿನ ಸದ್ದು ಎಲ್ಲಿಯವರೆಗೆ ಕೇಳೀತೆಂದು ಅಂದಾಜು ಮಾಡಿದಳು. ಆಮೇಲೆ ಕಾಲುವೆಯ ಆಚೆ ದಂಡೆಗೂ ಕೇಳುವ ಹಾಗೆ ಕೂಗಿದಳು:

“ಇನ್ನೂ ಆಚೆ ಹೋಗಿ ಮೇಸ್ತ್ರಿ! ಇನ್ನೂ! ಇನ್ನೂ!”

“ಇನ್ನು ಹೋದ್ರೆ ರಸ್ತೆಗೇ ಇಳೀತೀನಮ್ಮಾ!”

“ಇಳಿಯಪ್ಪಾ,” ಎಂದರು ಅತ್ತೆ. “ಅವಳು ಹೇಳಿದ್ಮೇಲೆ ಆಯ್ತು.”