ಕಲ್ಲಿನೊಳಗಿನ ಗಿಡ

ಗಿಡದ ಮೇಲೊಂದು ನೊಣ ಕೂತಿತು, ಕೊಂಬೆಗೆ ಹಣ್ಣು ಬಿಟ್ಟ ಹಾಗೆ, ಬೂದು ಫರಸಿ ಕಲ್ಲಿನೊಳಗೆ ಮೂಡಿದ ಆ ಕರಿ ಗಿಡಕ್ಕೆ ಹಣ್ಣೊಂದು ಬಾಕಿ ಇತ್ತು, ಅದೂ ಬಂತು ಎಂದು ಸಾಬಣ್ಣನಿಗೆ ಒಳಗೊಳಗೇ ನಗು — ರಾವೂರಿನ ಖಣಿಯಲ್ಲಿ ಸೀಳುವಾಗ ಸಿಕ್ಕ ಕಲ್ಲು, ಸಂಗಣ್ಣ ಮೇಸ್ತ್ರಿ ಅದನ್ನು ಬಂಡಿಯಲ್ಲಿ ಹುಲ್ಲು ಹಾಸಿ ವಾಡಿಯ ಪ್ರಾರ್ಥನಾಮನೆಗೆ ತಂದ, ಮದುಮಗಳನ್ನು ಕರೆತಂದ ಹಾಗೆ, ಗೋಡೆಗೆ ಕೂರಿಸಿ ಕೆಳಗೆ ತನ್ನ ಹೆಸರು ಕೆತ್ತಿಸಿದ, ಪಾದ್ರಿ ನೋಡಿದ್ದೇ ತಡ ಕೈ ಜೋಡಿಸಿದ, ನೋಡ್ರಿಪಾ, ನೀತಿವಂತನ ಕೈಗೆ ದೇವರು ಗಿಡಾ ಬರದು ಕೊಟ್ಟಾನ. ಬರೆದು ಕೊಟ್ಟನಂತೆ. ಇದೇ ಪಾದ್ರಿಯ ಸಂಜೆ ಶಾಲೆಯಲ್ಲಿ ಸಾಬಣ್ಣ ಅಕ್ಷರ ಕಲಿತದ್ದು, ಕಲ್ಲುಧೂಳಿನ ಕೈಯಲ್ಲೇ, ಈಗಲೂ ಪಾದ್ರಿಯದು ಅದೇ ಪಾಠದ ದನಿ, ಬೈಬಲ್ಲಿನ ಇಬ್ರಿಯರದು ನೀರಿಗೆ ಬಾಯಿ ಬಿಡೋ ದೇಶ, ಅದಕ್ಕ ಅವರು ಒಳ್ಳೆಯವನಿಗಿ ಗಿಡ ಅಂದ್ರು, ಕಾಲುವಿ ದಂಡಿಗಿ ನೆಟ್ಟದ್ದು, ಎಲಿ ಬಾಡಂಗಿಲ್ಲ, ಖರ್ಜೂರ ಅಂದ್ರು, ದೇವದಾರು ಅಂದ್ರು, ಕೆಟ್ಟವ ಬರೇ ಹೊಟ್ಟು, ಗಾಳಿಗಿ ಹಾರಿ ಹೋಗ್ತಾನ — ಎಲ್ಲಿ ಹಾರುತ್ತಾನೆ, ಮುಂದಿನ ಕುರ್ಚಿ ತುಂಬಿ ಕೂತ ಈ ಮೇಸ್ತ್ರಿಯನ್ನು ಎತ್ತಲು ಸ್ಟೇಷನ್ನಿನ ಕ್ರೇನೇ ಬೇಕು. ಖಣಿಯವರನ್ನು ಯಾರನ್ನಾದರೂ ಕೇಳಬಾರದಿತ್ತೇ ಈ ಪಾದ್ರಿ? ಗಿಡವನ್ನು ಯಾರೂ ನೆಟ್ಟದ್ದಲ್ಲ, ಕಲ್ಲಿನ ಸಣ್ಣ ಬಿರುಕಿಗೆ ನೀರು ಹೊಕ್ಕು ಕರಿ ಕಲೆ ಟಿಸಿಲೊಡೆದದ್ದು, ಕೊಂಬೆ ಉಂಟು ಬೇರಿಲ್ಲ, ಅಂಥ ಕಲ್ಲು ಒಳಗೇ ಒಡೆದಿರುತ್ತದೆ, ಸುತ್ತಿಗೆಯಿಂದ ಬಡಿದರೆ ಠಣ್ ಅನ್ನುವುದಿಲ್ಲ, ಬದ್ ಅನ್ನುತ್ತದೆ, ನಾವು ಅದನ್ನು ಹೊಲದ ಒಡ್ಡಿಗೆ ಎಸೆಯುತ್ತೇವೆ, ಇವರು ದೇವರ ಗೋಡೆಗೆ ಹಚ್ಚಿದ್ದಾರೆ, ಥೂ.

ಇವತ್ತು ಬೈಬಲ್ ಓದುವ ಸರದಿ ತನ್ನದು, ಓದಿ ಮುಗಿಸಿ ಇದನ್ನೇ ಹೇಳುವುದು, ಎಲ್ಲರೆದುರು, ನಿನ್ನೆಯೇ ನಿಶ್ಚಯ ಮಾಡಿದ್ದು — ಎರಡು ವರ್ಷದ ಹಿಂದೆ ಖಣಿಯಲ್ಲಿ ತನ್ನ ತಮ್ಮ ಚಂದ್ರಾಮನ ಮೇಲೆ ಕಳಚಿಬಿದ್ದ ಕಲ್ಲಿನ ಪದರಿನಲ್ಲೂ ಇಂಥದೇ ಗಿಡ, ಇದೇ ಮೇಸ್ತ್ರಿ, ಹೋಗೋ ಚಂದ್ರಾಮ, ಏನೂ ಆಗಂಗಿಲ್ಲ, ಗಟ್ಟಿ ಅದ, ಎಂದು ಅದರಡಿಗೆ ಕಳಿಸಿದವನು, ಸತ್ತ ಮೇಲೆ ಹೊಸ ಬಟ್ಟೆ ಹೊದಿಸಿ ಕಣ್ಣೊರೆಸಿಕೊಂಡವನು, ನೀತಿವಂತ! ಈಗ ಅಲ್ಲಿ ಹೆಂಗಸರ ಚಾಪೆಯಲ್ಲಿ ಚಂದ್ರಾಮನ ಹೆಂಡತಿ ಭೀಮಮ್ಮ ಕೂತಿದ್ದಾಳೆ, ಒಳಗೆ ಬರುವಾಗ ಕಲ್ಲಿನ ಮೇಲೆ ಬೆರಳಾಡಿಸಿ ಕೇಳಿದಳು, ಭಾವಾ, ಅವರ ಮ್ಯಾಲ ಬಿದ್ದ ಕಲ್ಲಿನಾಗೂ ಹಿಂಥಾದೇ ಗಿಡ ಇತ್ತು, ನಾ ನೋಡೀನಿ, ಅದೂ ದೇವರ ಗುರುತೇನ್ರಿ? ಆಮ್ಯಾಲ ಹೇಳ್ತೀನಿ ಭೀಮವ್ವ — ಎರಡು ವರ್ಷದಿಂದ ಅವಳಿಗೆ ಆಮೇಲೆಯೇ. ಓದಪಾ ಸಾಬಣ್ಣ, ಗಟ್ಟಿಯಾಗಿ ಓದು, ಎನ್ನುತ್ತಾನೆ ಪಾದ್ರಿ, ಎದ್ದು ನಿಂತರೆ ಮೇಸ್ತ್ರಿ, ಏ, ಉಳಿ ಹಿಡದಂಗ ಕಿತಾಬ ಹಿಡೀಬ್ಯಾಡೋ, ಸೀಳೀತು, ಎಲ್ಲರೂ ನಗುತ್ತಾರೆ, ನಗಲಿ, ಇನ್ನೊಂದು ಗಳಿಗೆ, ಈ ಗಿಡ ಬಿರುಕು ಅಂತ ಹೇಳಿಬಿಟ್ಟರೆ ಮೇಸ್ತ್ರಿಯ ಮುಖ — ಭೀಮಮ್ಮನ ಮುಖ. ನಿಮಗ ಹ್ಯಾಂಗ ಗೊತ್ತು ಭಾವಾ, ಆ ದಿನಾನೂ ಗೊತ್ತಿತ್ತೇನ್ರಿ? ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ. ಗೊತ್ತಿತ್ತು. ಆ ದಿನ ಸುತ್ತಿಗೆ ಇದ್ದದ್ದು ಸಾಬಣ್ಣನ ಕೈಯಲ್ಲೇ, ಬಡಿದಿದ್ದ, ಬದ್ ಅಂದಿತ್ತು, ತಲೆಯೆತ್ತಿ ಗಿಡ ನೋಡಿದ್ದ, ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ, ಏನೋ, ನಾಕ ಅಕ್ಷರ ಕಲ್ತು ಪಂಡಿತ ಆದೇನು, ಆಳುಗಳೆಲ್ಲ ಕಿಸಕ್ಕನೆ ನಕ್ಕರು, ಆ ನಗೆಗೆ, ಅಷ್ಟೇ ಅಷ್ಟಕ್ಕೆ, ಕೈ ಒರೆಸಿಕೊಂಡು ರೊಟ್ಟಿಯ ಗಂಟು ಬಿಚ್ಚಲು ಹೋದ ಹೇಡಿ, ಮೇಸ್ತ್ರಿಗೆ ಕಲ್ಲು ತಿಳಿಯದು, ಪಾದ್ರಿಗೂ ತಿಳಿಯದು, ತಿಳಿದವನು ಒಬ್ಬನೇ — ಓದಪಾ, ಯಾಕ ನಿಂತಿ? ನೀತಿವಂತನು, ಎಂದು ಓದುತ್ತಾನೆ, ನೀತಿವಂತನು ನೀರಿನ ಬಳಿಯ ಗಿಡದ ಹಾಗೆ, ಭೀಮಮ್ಮ ಮುಖವೆತ್ತಿ ನೋಡುತ್ತಿದ್ದಾಳೆ, ಗಿಡದ ಹಾಗೆ, ಆ ದಿನದ ಚಂದ್ರಾಮ ಬಗ್ಗಿ ಉಳಿ ಎತ್ತಿಕೊಳ್ಳುತ್ತಿದ್ದಾನೆ, ಅವನ ಬೆನ್ನ ಮೇಲೆ, ಒಂದು ಮೊಳ ಮೇಲೆ, ಗಿಡ, ಬೇರಿಲ್ಲದ್ದು, ಕರಿ ಗಿಡ